ಹಾಲು ಹರೀತೈತಿ, ಬೆಲ್ಲ ಎಲ್ಲೈತಿ?



ಈ ಪೋಸ್ಟು ಉದ್ದ ಐತಿ. ಓದಾಕ ಹದಿನೈದು ನಿಮಿಷ ಬೇಕು. ಅಷ್ಟು ಪುರಸೊತ್ತು ಇಲ್ಲಂದ್ರ ಈಗ ಬಿಡ್ರಿ, ರಾತ್ರಿ ಉಂಡು ಕುಂತು ಓದ್ರಿ. ಓದದೆ ನೀಲಿ ಹಾರ್ಟ್ ಒತ್ತಿ, "ಸೂಪರ್ ಅಣ್ಣಾ" ಅಂತ ಬರೆದು ಮುಂದಕ್ಕೆ ಮಾತ್ರ ಹೋಗಬ್ಯಾಡ್ರಿ. ನಾನು ಇವತ್ತು ಬರೆಯುತ್ತಿರುವುದೇ ಆ ಚಟದ ಬಗ್ಗೆ. ನಿಮ್ಮನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಳ್ಳುತ್ತೇನೆ, ಯಾಕಂದ್ರೆ ಈ ತಪ್ಪಿನಲ್ಲಿ ಮೊದಲ ಆರೋಪಿ ನಾನೇ.

ನಮ್ಮ ಬೆಲ್ಲದ ಬಾಗೇವಾಡಿಯ ಕೇರಿಯಲ್ಲಿ ಒಬ್ಬಾಕಿ ಆಯಿ ಇದ್ದಾಳೆ. ಎಪ್ಪತ್ತು ದಾಟಿದ ಜೀವ. ಅವರ ಮನೆತನದ ಮೂರು ಎಕರೆ ಜಮೀನು 1984ರಲ್ಲಿ ಸಾಲಕ್ಕೆ ಮತ್ತು ಒಂದು ಮದುವೆಯ ಖರ್ಚಿಗೆ ಕೈಬಿಟ್ಟು ಹೋಯಿತು. ಕೊಂಡವರು ದೊಡ್ಡ ರೈತರು. ಈಗ ಅದರಲ್ಲಿ ಕಬ್ಬು ನಿಂತದೆ. ಅದೇ ಕಬ್ಬಿನ ಹೊಲದಾಗ ಆಯಿಯ ಮಗ, ಸೊಸಿ ಕೂಲಿಗೆ ಹೋಗಿ ರವದಿ ಕೀಳ್ತಾರೆ. ತಮ್ಮದೇ ಹೊಲದಾಗ ತಾವೇ ಆಳು.

2023ರ ಜುಲೈನಲ್ಲಿ ನಮ್ಮ ಸರ್ಕಾರ ಪಿಟಿಸಿಎಲ್ ಕಾಯ್ದೆಗೆ ತಿದ್ದುಪಡಿ ತಂದಿದ್ದು ನಿಮಗೆಲ್ಲ ನೆನಪಿರಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಕಾಯ್ದೆ ಮೀರಿ ಪರಭಾರೆ ಆಗಿದ್ದರೆ ಅದನ್ನು ವಾಪಸ್ ಕೊಡಿಸೋ 1978ರ ಕಾಯ್ದೆ ಅದು. 2017ರಲ್ಲಿ ಸುಪ್ರೀಂ ಕೋರ್ಟು "ತಡವಾಗಿ ಬಂದಿದ್ದೀರಿ" ಅನ್ನುವ ಕಾರಣವನ್ನು ಎತ್ತಿ ಹಿಡಿದ ಮೇಲೆ ನೂರಾರು ಅರ್ಜಿಗಳು ಬಿದ್ದುಹೋದವು. ಅದಕ್ಕಾಗಿ ಬೆಂಗಳೂರಿನಲ್ಲಿ ನಮ್ಮವರು ತಿಂಗಳುಗಟ್ಟಲೆ ಧರಣಿ ಕುಂತರು. ಅರ್ಜಿ ಹಾಕೋದಕ್ಕೆ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಆಯಿತು. ಅದು ಹೋರಾಟದಿಂದಲೇ ಬಂದದ್ದು. ಆ ಧರಣಿ ಕುಂತವರಿಗೆ ಈಗಲೂ ನನ್ನ ಸಲಾಂ.

ತಿದ್ದುಪಡಿ ಆದ ವಾರವೇ ವಾಟ್ಸಾಪಿನಲ್ಲಿ ಒಂದು ಮೆಸೇಜು ಓಡಾಡಿತು. "ದಲಿತರು ಮಾರಿಕೊಂಡ ಎಲ್ಲಾ ಜಮೀನು ವಾಪಸ್! ಎಷ್ಟೇ ವರ್ಷ ಆಗಿರಲಿ! ಎಲ್ಲಾ ಗ್ರೂಪಿಗೆ ಕಳಿಸಿ!" ಜೊತೆಗೆ ಬಾಬಾಸಾಹೇಬರ ಫೋಟೊ, ಮೂರು ಮುಷ್ಟಿ. ನಾನು ಅದನ್ನ ಆರು ಗ್ರೂಪಿಗೆ ಹಾಕಿದೆ. ಹಾಕಿದ್ದಷ್ಟೇ ಅಲ್ಲ, "ಹೆದರಬ್ಯಾಡ್ರಿ, ಅರ್ಜಿ ಹಾಕ್ರಿ, ನಾವು ಅದೀವಿ" ಅಂತ ವಾಯ್ಸ್ ಮೆಸೇಜೂ ಬಿಟ್ಟೆ.

ಆಯಿ ಮೊಮ್ಮಗನ ಫೋನಿನಲ್ಲಿ ನನ್ನ ದನಿ ಕೇಳಿದಳು. ಮರುದಿನ ಮುಂಜಾನೆ ಪ್ಲಾಸ್ಟಿಕ್ ಚೀಲದಲ್ಲಿ ಹಳೇ ಕಾಗದ ಹಿಡಿದುಕೊಂಡು ನಮ್ಮ ಮನೆ ಕಟ್ಟಿ ಮೇಲೆ ಬಂದು ಕುಂತಳು.

"ತಮ್ಮಾ, ನೀ ಹೇಳಿದ್ದು ಖರೇ ಏನೋ?"

"ಖರೇ ಐತಿ ಆಯಿ. ಕಾನೂನು ಬಂದೈತಿ. ಚಿಂತಿ ಮಾಡಬ್ಯಾಡ."

ಚೀಲ ಬಿಚ್ಚಿ ಕಾಗದ ನೋಡಲಿಲ್ಲ ನಾನು. ಆವತ್ತು ಬೇರೆ ಜಿಲ್ಲೆಯ ಯಾವುದೋ ದೌರ್ಜನ್ಯದ ವಿಡಿಯೊ ಬಂದಿತ್ತು, ಅದರ ಮೇಲೆ ಪೋಸ್ಟು ಬರೆಯುವ ಗಡಿಬಿಡಿ. ಅರ್ಜಿ ಬರೆಯುವ ಒಬ್ಬರ ಹತ್ತಿರ ಆಯಿಯನ್ನು ಕಳಿಸಿದೆ. ಅವರಿಗೆ ಕೊಡಲು ಆಕಿ ಕಿವಿಯಾಗಿನ ಬಂಗಾರ ಅಡವಿಟ್ಟಳು. ಆಮೇಲೆ ಹನ್ನೊಂದು ತಿಂಗಳು ತಾರೀಖು. ಬಸ್ಸಿಗೆ ಹೋಗೋದು, ಕಚೇರಿ ಮುಂದಿನ ಮೆಟ್ಟಿಲ ಮೇಲೆ ಕೂರೋದು, "ಸಾಹೇಬರಿಲ್ಲ" ಅನ್ನಿಸಿಕೊಂಡು ಬರೋದು. ಕೊನೆಗೆ ಅರ್ಜಿ ವಜಾ.

ಹುಕ್ಕೇರಿಯಲ್ಲಿ ಒಬ್ಬ ಹಿರಿಯ ವಕೀಲರಿಗೆ ಆ ಚೀಲ ತೋರಿಸಿದೆವು. ಅವರು ಚಾಳೀಸು ಹಾಕ್ಕೊಂಡು ಹಳೇ ಉತಾರದ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದು ವತನ ಜಮೀನು ಅಲ್ಲೇನ್ರಿ? ಇದನ್ನ ಯಾರು ಪಿಟಿಸಿಎಲ್ ಒಳಗ ಹಾಕು ಅಂದ್ರು? ಕಲಂ 3 ಓದೀರಿ ಏನ್ರಿ?"

ನಾನು ಸುಮ್ಮನೆ ನಿಂತೆ.

ಬಂಧುಗಳೆ, ಆ ಕಾಯ್ದೆಯ ಪಿಡಿಎಫ್ ಎರಡು ವರ್ಷದಿಂದ ನನ್ನ ಫೋನಿನಲ್ಲೇ ಇತ್ತು. ಅಲ್ಲೇ ನಿಂತು ತೆಗೆದೆ. ಕಲಂ 3 ಶುರುವಿನಲ್ಲೇ ಇದೆ. "ಮಂಜೂರಾದ ಭೂಮಿ" ಅಂದರೆ ಏನು ಅಂತ ಹೇಳುವಾಗ ವಂಶಪಾರಂಪರ್ಯ ಹುದ್ದೆ ಅಥವಾ ಹಕ್ಕಿಗೆ ಸಂಬಂಧಿಸಿದ ಭೂಮಿಯನ್ನು ಅದು ಹೊರಗಿಟ್ಟಿದೆ. ಅಂದರೆ ನಮ್ಮ ಮುತ್ಯಾಗಳು ಊರ ಚಾಕರಿ ಮಾಡಿದ್ದಕ್ಕೆ ಹಿಡಿದ ವತನದ ಭೂಮಿ ಆ ಕಾಯ್ದೆಯೊಳಗೆ ಬರೋದಿಲ್ಲ. ಅದಕ್ಕೆ ಬೇರೆ ಕಾಯ್ದೆ ಇದೆ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ಅದರ ದಾರಿ ಬೇರೆ, ಷರತ್ತು ಬೇರೆ, ಗಡುವು ಬೇರೆ. ಓದಲು ನನಗೆ ಬೇಕಾಗಿದ್ದು ಮೂರು ನಿಮಿಷ. ಆ ಮೂರು ನಿಮಿಷ ನಾನು ಕೊಡಲಿಲ್ಲ. ಆಯಿ ಹನ್ನೊಂದು ತಿಂಗಳು ಕೊಟ್ಟಳು.

ಇನ್ನೂ ಮುಗಿದಿಲ್ಲ. ನಾವು ಮೂರು ಎಕರೆ ಬೆನ್ನು ಹತ್ತಿದ್ದ ಹೊತ್ತಿನಲ್ಲೇ ಆಯಿ ಹೆಸರಲ್ಲಿ ಉಳಿದಿದ್ದ 20 ಗುಂಟೆಯ ಮೇಲೆ ಇನ್ನೊಬ್ಬರು ಹಕ್ಕು ಬದಲಾವಣೆಗೆ ಅರ್ಜಿ ಕೊಟ್ಟಿದ್ದರು. ನೋಟಿಸು ಚಾವಡಿ ಗೋಡೆ ಮೇಲೆ ಅಂಟಿತ್ತಂತೆ. ಕಾಗದದ ನೋಟಿಸು, ಗೋಂದು ಹಚ್ಚಿ ಅಂಟಿಸಿದ್ದು. ಯಾವ ಗ್ರೂಪಿಗೂ ಬರಲಿಲ್ಲ, ಹಂಗಾಗಿ ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆಕ್ಷೇಪಣೆ ಅವಧಿ ಮುಗಿದ ಮೇಲೆ ಗೊತ್ತಾಯಿತು. ದಿನಾ ಆ ಚಾವಡಿ ಮುಂದೆಯೇ ನಾನು ಹಾಯ್ದು ಹೋಗುತ್ತಿದ್ದೆ, ಫೋನು ನೋಡುತ್ತಾ.

ಈಗ ಮೇಲ್ಮನವಿ ಹಾಕಿ ಕುಂತಿದ್ದೇವೆ.

ಇದನ್ನ ಓದಿ ಕೆಲವರಿಗೆ ಖುಷಿ ಆಗಬಹುದು. "ನಾವು ಮೊದಲೇ ಹೇಳಿರಲಿಲ್ಲೇನು? ನಿಮ್ಮ ಹುಡುಗರು ಮೊಬೈಲ್ ಹಿಡಿದು ಕೆಟ್ಟರು" ಅನ್ನುವ ಗೌಡರು, ಮೇಷ್ಟ್ರುಗಳು ನಮ್ಮಲ್ಲೂ ಇದ್ದಾರೆ, ನಿಮ್ಮಲ್ಲೂ ಇದ್ದಾರೆ. ಅವರಿಗೆ ಮೊದಲು ಉತ್ತರ ಕೊಟ್ಟು ಮುಂದೆ ಹೋಗುತ್ತೇನೆ.

ಸ್ವಾಮಿ, ಮಾಹಿತಿ ಸುಲಭವಾಗಿ ಸಿಕ್ಕಿದ್ದು ನಮಗೆ ಮೊನ್ನೆ ಮೊನ್ನೆ. ಅದಕ್ಕೂ ಮೊದಲು ನಮ್ಮ ಹೊಲದ ಉತಾರ ನೋಡಬೇಕಾದರೆ ಕುಲಕರ್ಣಿ ಮನೆ ಅಂಗಳದಲ್ಲಿ, ಆಮೇಲೆ ತಲಾಠಿ ಕಚೇರಿ ಹೊರಗೆ ಕೈಕಟ್ಟಿ ನಿಲ್ಲಬೇಕಿತ್ತು. ಪುಸ್ತಕ ಅವರ ಕೈಯಲ್ಲಿ, ಪೆನ್ನು ಅವರ ಕೈಯಲ್ಲಿ. ಅವರು ಓದಿದ್ದೇ ಓದು, ಬರೆದಿದ್ದೇ ಬರಹ. ಎಷ್ಟು ಎಕರೆ ಹೀಗೆ ಮಸಿಯಲ್ಲೇ ಕರಗಿ ಹೋಯಿತೋ! ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದು, ಇವತ್ತು ಕೇರಿಯ ಹುಡುಗ ಸರ್ವೆ ನಂಬರ್ ಒತ್ತಿ ತನ್ನ ಹೊಲದ ಹೆಸರು ತಾನೇ ನೋಡುತ್ತಾನಲ್ಲ, ಅದು ಸಣ್ಣ ಮಾತಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಸಣ್ಣದಲ್ಲ. ಓದಿದರೆ ಶಿಕ್ಷೆ, ಕೇಳಿಸಿಕೊಂಡರೆ ಶಿಕ್ಷೆ ಅಂತ ಶಾಸ್ತ್ರ ಬರೆದ ನಾಡಿನಲ್ಲಿ "ಸ್ವಲ್ಪ ಕಮ್ಮಿ ನೋಡ್ರಿ" ಅಂತ ನಮಗೆ ಉಪದೇಶ ಮಾಡುವ ಹಕ್ಕು ನಿಮಗಿಲ್ಲ. ನಮ್ಮ ಫೋನಿನ ಮೇಲೆ ಕೈ ಹಾಕಬೇಡಿ.

ಇದು ಮನೆಯೊಳಗಿನ ಜಗಳ. ನಾವು ನಾವೇ ಆಡಿಕೊಳ್ಳಬೇಕಾದ ಮಾತು.

ನಮ್ಮೂರ ಹೆಸರಲ್ಲೇ ಬೆಲ್ಲ ಐತಿ. ಬೆಲ್ಲ ಹೆಂಗ ಆಗತೈತಿ ಅಂತ ಗಾಣದಾಗ ದುಡಿದ ನಮ್ಮವರಿಗೆ ಹೇಳಬೇಕಾಗಿಲ್ಲ. ಗಾಣ ತಿರುಗಿದರೆ ಕಬ್ಬಿನ ಹಾಲು ಹರೀತದೆ, ಎಷ್ಟು ಬೇಕಾದರೂ ಹರೀತದೆ. ಕುಡಿದವರಿಗೆ ಸಿಹಿ. ಆದರೆ ಮುಂಜಾನೆ ಹಿಂಡಿದ ಹಾಲನ್ನ ಹಂಗೇ ಇಟ್ಟರೆ ಸಂಜೆಯೊಳಗೆ ಹುಳಿ ಬಂದು ಕೆಡತದೆ. ಬೆಲ್ಲ ಆಗಬೇಕಂದ್ರ ಅದನ್ನ ಕೊಪ್ಪರಿಗೆಗೆ ಹಾಕಬೇಕು, ಒಲಿ ಮುಂದ ತಾಸುಗಟ್ಟಲೆ ನಿಲ್ಲಬೇಕು, ಮೇಲೆ ಬಂದ ಹೊಲಸು ತೆಗೀಬೇಕು, ಹದ ನೋಡಿ ಇಳಿಸಬೇಕು. ಕೊಪ್ಪರಿಗೆ ತುಂಬ ಹಾಲು ಹಾಕಿದರೂ ಕೊನೆಗೆ ಉಳಿಯೋದು ತಳದಾಗಿನ ಇಷ್ಟು. ಆ ಇಷ್ಟೇ ವರ್ಷಗಟ್ಟಲೆ ಬಾಳತದೆ, ಅದಕ್ಕೇ ಸಂತೆಯಲ್ಲಿ ಬೆಲೆ.

ನಮ್ಮ ಗ್ರೂಪುಗಳಲ್ಲಿ ಹಾಲು ಹರೀತಾ ಐತಿ. ಮುಂಜಾನೆ ಬಂದದ್ದು ಸಂಜೆಗೆ ಹುಳಿ. ಒಲಿ ಹೊತ್ತಿಸಿದವರು ಯಾರು?

ಹೋದ ತಿಂಗಳು ಒಂದು ಭಾನುವಾರ ನಾನು ನನ್ನದೇ ಲೆಕ್ಕ ಇಟ್ಟೆ. ಎದ್ದಾಗಿನಿಂದ ಮಲಗುವವರೆಗೆ ಫೋನಿನಲ್ಲಿ ಏನೇನು ನೋಡಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದೆ. ಉತ್ತರದ ಮೂರು ರಾಜ್ಯಗಳ ಮೂರು ದೌರ್ಜನ್ಯ. ಇಬ್ಬರು ನಾಯಕರ ಜಗಳ. ಆ ಜಗಳದ ಮೇಲೆ ಹದಿನೇಳು ಪೋಸ್ಟು. ಬಾಬಾಸಾಹೇಬರು ಹೇಳಿದರು ಅಂತ ಐದು ಮಾತು, ಅವುಗಳಲ್ಲಿ ಎರಡು ಅವರ ಬರಹದಲ್ಲಿ ನಾನು ಎಲ್ಲೂ ಕಂಡದ್ದಿಲ್ಲ. ಬೌದ್ಧ ಧಮ್ಮದ ಬಗ್ಗೆ ಒಂದು ಗಂಟೆಯ ಭಾಷಣ, ಅದರಲ್ಲಿ ಕೇಳಿದ್ದು ಆರು ನಿಮಿಷ. ರಾತ್ರಿ ಮಲಗುವಾಗ ತಲೆ ತುಂಬಿತ್ತು, ದಿನವಿಡೀ ಚಳವಳಿ ಮಾಡಿದಂತೆ ಮೈ ದಣಿದಿತ್ತು. ಆ ದಿನ ನಮ್ಮ ಕೇರಿಯ ಕುಡಿಯುವ ನೀರಿನ ನಳ ಬಂದಿರಲಿಲ್ಲ. ಹೆಂಡತಿ ಹೇಳಿದ ಮೇಲೆ ಗೊತ್ತಾಯಿತು.

ಈ ದಣಿವೇ ದೊಡ್ಡ ಮೋಸ. ಏನೂ ಮಾಡದೆಯೇ ಮಾಡಿದಂತೆ ಅನಿಸುತ್ತದಲ್ಲ, ಅದು. ದೂರದ ಊರಿನ ಆರೋಪಿಗಳ ಹೆಸರು ನನಗೆ ಬಾಯಿಪಾಠ. ನಮ್ಮ ತಾಲೂಕಿನಲ್ಲಿ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಎಷ್ಟು ಕೇಸು ನಡೆಯುತ್ತಿವೆ, ಯಾವ ಕೇಸಿನ ಸಾಕ್ಷಿ ಹೆದರಿ ಕುಂತಿದ್ದಾನೆ ಅಂದರೆ ಗೊತ್ತಿಲ್ಲ. ಸಿಟ್ಟು ನಮಗೆ ಕಮ್ಮಿ ಇಲ್ಲ. ಆದರೆ ಅದು ರವದಿ ಬೆಂಕಿ. ಭಗ್ ಅಂತ ಹತ್ತಿ ಭಗ್ ಅಂತ ಆರತದೆ. ಮೇಲೆ ಕೊಪ್ಪರಿಗೆಯೇ ಇಲ್ಲದಿದ್ದರೆ ಆ ಬೆಂಕಿಯಿಂದ ಏನು ಬೇಯಬೇಕು?

ಮರಕುಂಬಿ ನೆನಪು ಮಾಡಿಕೊಳ್ಳಿ. ಗಂಗಾವತಿ ತಾಲೂಕಿನ ಆ ಊರಿನಲ್ಲಿ 2014ರ ಆಗಸ್ಟಿನಲ್ಲಿ ನಮ್ಮವರ ಗುಡಿಸಲಿಗೆ ಬೆಂಕಿ ಹಚ್ಚಿದರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ದಿನ ನನ್ನ ಫೋನು ನಿಲ್ಲದೆ ಬಡಿದುಕೊಂಡಿತು. ನಾನೂ "ಐತಿಹಾಸಿಕ" ಅಂತ ಬರೆದೆ. ಸರಿ, ಐತಿಹಾಸಿಕವೇ. ಆದರೆ ಮುಂದಿನ ತಿಂಗಳೇ ಧಾರವಾಡದ ಹೈಕೋರ್ಟ್ ಪೀಠ ಬಹುತೇಕ ಎಲ್ಲರಿಗೂ ಜಾಮೀನು ಕೊಟ್ಟಿತಲ್ಲ, ಅದನ್ನ ಎಷ್ಟು ಗ್ರೂಪಿನಲ್ಲಿ ನೋಡಿದಿರಿ? ನನ್ನ ಗ್ರೂಪುಗಳಲ್ಲಿ ಒಬ್ಬರು ಹಾಕಿದ್ದರು, ಅದರ ಕೆಳಗೆ ಯಾರದೂ ಮಾತಿಲ್ಲ. ಅಷ್ಟೊತ್ತಿಗೆ ನಾವು ಬೇರೆ ಸುದ್ದಿಗೆ ಹೋಗಿಬಿಟ್ಟಿದ್ದೆವು. ಆ ಊರಿನ ನಮ್ಮವರು ಮಾತ್ರ ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ, ಅದೇ ಓಣಿಯಲ್ಲೇ ಇದ್ದರು. ಹತ್ತು ವರ್ಷ ಕೋರ್ಟಿಗೆ ತಿರುಗಿ, ಕಟಕಟೆಯಲ್ಲಿ ನಿಂತು "ಹೌದು, ಇವರೇ" ಅಂತ ಹೇಳಿದವರ ಗಟ್ಟಿತನದಿಂದ ಬಂದ ತೀರ್ಪು ಅದು. ಅವರ ಹತ್ತು ವರ್ಷದ ತಾಳ್ಮೆಯನ್ನ ನಾವು ಒಂದು ದಿನದ ಸ್ಟೇಟಸ್ ಮಾಡಿಕೊಂಡೆವು.

ಇನ್ನೊಂದು ಉದಾಹರಣೆ, ಇದು ನೋಯಬಹುದು. 2025ರ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ ನಾಗಮೋಹನದಾಸ್ ಆಯೋಗದ ಸಮೀಕ್ಷೆ ನಡೆಯಿತು. 101 ಜಾತಿಗಳ ಲೆಕ್ಕ. ಹೆಸರೇ ಇಲ್ಲದವರಿಗೆ ಹೆಸರು ಸಿಗುವ ಹೊತ್ತು. ಗ್ರೂಪುಗಳಲ್ಲಿ ಏನು ನಡೆಯಿತು? ಯಾವ ಕಾಲಂನಲ್ಲಿ ಏನು ಬರೆಸಬೇಕು ಅಂತ ಒಂದಕ್ಕೊಂದು ತದ್ವಿರುದ್ಧ ಮೆಸೇಜುಗಳು. ಎಡ-ಬಲ ಅಂತ ಬೈಗುಳ. ಒಂದೇ ತಟ್ಟೆಯಲ್ಲಿ ಉಂಡವರು ಗ್ರೂಪು ಬಿಟ್ಟು ಹೋದರು. ಅದೇ ಹೊತ್ತಿನಲ್ಲಿ ಗೋವಾಕ್ಕೆ, ಪುಣೆಗೆ ದುಡಿಯಲು ಹೋದ ಎಷ್ಟು ಮನೆಗಳಿಗೆ ಬೀಗ ಬಿದ್ದಿತ್ತು, ಗಣತಿದಾರ ಬಂದು ಬೀಗ ನೋಡಿ ವಾಪಸ್ ಹೋದದ್ದು ಎಷ್ಟು ಮನೆಯಿಂದ? ಆನ್‌ಲೈನಿನಲ್ಲಿ ತಾವೇ ವಿವರ ಕೊಡುವ ಅವಕಾಶವೂ ಇತ್ತು, ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿದರು. ದುಡಿಯಲು ಹೋದ ನಮ್ಮ ಹುಡುಗರ ಕೈಯಲ್ಲಿ ಫೋನು ಇತ್ತು, ಅದರಲ್ಲಿ ಜಗಳದ ನೂರು ಮೆಸೇಜು ಇತ್ತು. "ತಮ್ಮಾ, ಈ ಲಿಂಕು ತೆಗಿ, ಇಲ್ಲಿ ನಿನ್ನ ರೇಷನ್ ಕಾರ್ಡ್ ನಂಬರ್ ಹಾಕು" ಅಂತ ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಿದವರು ಕೈಬೆರಳೆಣಿಕೆ. ನಾನು ಎಷ್ಟು ಜನರಿಗೆ ಮಾಡಿದೆ? ಒಂಬತ್ತು. ಪೋಸ್ಟು ಎಷ್ಟು ಬರೆದೆ? ನಲವತ್ತಕ್ಕೂ ಮೇಲೆ.

ಉಪಯೋಜನೆ ಹಣದ ಕಥೆಯೂ ಇದೇ. 2013ರ ಕಾಯ್ದೆ, 24.1 ಪರ್ಸೆಂಟು, ಗ್ಯಾರಂಟಿಗೆ ತಿರುಗಿಸಿದ ಸಾವಿರಾರು ಕೋಟಿ ಎಲ್ಲರಿಗೂ ಗೊತ್ತು. ಪೋಸ್ಟರು ಚೆನ್ನಾಗಿ ಮಾಡುತ್ತೇವೆ. ನಮ್ಮ ಪಂಚಾಯಿತಿಗೆ ಪರಿಶಿಷ್ಟರ ಹೆಸರಲ್ಲಿ ಬಂದದ್ದೆಷ್ಟು, ಆ ಹಣದಲ್ಲಿ ಹಾಕಿದ ಸಿಸಿ ರಸ್ತೆ ಯಾರ ಮನೆ ಮುಂದೆ ಹೋಗಿದೆ ಅಂತ ಕೇಳಿದವರು? ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ವಿಷಯ, 150 ಪದದ ಒಳಗೆ. ನಾವು ದಿನಕ್ಕೆ ಸಾವಿರ ಪದ ಟೈಪು ಮಾಡುವ ಜನ, ಆ 150 ಪದ ಬರೆಯುವುದಿಲ್ಲ. ಯಾಕಂದ್ರೆ ಅದಕ್ಕೆ ಲೈಕು ಬರೋದಿಲ್ಲ, ಉತ್ತರ ಬರೋದಕ್ಕೆ 30 ದಿನ ಕಾಯಬೇಕು. ಕಾಯುವ ಶಕ್ತಿಯೇ ನಮ್ಮಿಂದ ಹೋಗುತ್ತಿದೆ.

ಬಾಬಾಸಾಹೇಬರ ವಿಷಯಕ್ಕೆ ಬರ್ತೀನಿ. ಅವರ ಹೆಸರು ಹೇಳದೆ ನಮ್ಮ ಪೋಸ್ಟು ಮುಗಿಯೋದಿಲ್ಲ, ಆದರೆ ಅವರು ಮಾಡಿದ ಕೆಲಸದ ರೀತಿ ನಮಗೆ ಬೇಡ.

1920ರ ಜನವರಿ 31ರಂದು 'ಮೂಕನಾಯಕ' ಶುರುವಾಯಿತು. ಶಾಹೂ ಮಹಾರಾಜರು 2500 ರೂಪಾಯಿ ಕೊಟ್ಟರು. ದುಡ್ಡು ಕೊಡ್ತೀವಿ ಅಂದರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ಹದಿನೈದು ದಿನಕ್ಕೊಂದು ಸಂಚಿಕೆ. ಅದೇ ವರ್ಷ ಮಾರ್ಚಿನಲ್ಲಿ ಕೊಲ್ಲಾಪುರ ಸಂಸ್ಥಾನದ ಮಾಣಗಾವ್ ಪರಿಷತ್ತು. 1925ರ ಏಪ್ರಿಲಿನಲ್ಲಿ ನಮ್ಮ ನಿಪ್ಪಾಣಿಗೆ ಬಂದರು. ಇವೆಲ್ಲ ನಮ್ಮ ಬಾಗೇವಾಡಿಯಿಂದ ದೂರದ ಊರುಗಳಲ್ಲ. ಆಗ ಓದು ಬಾರದ ನಮ್ಮ ಹಿರಿಯರು ಹದಿನೈದು ದಿನಕ್ಕೊಮ್ಮೆ ಬರುವ ಒಂದು ಹಾಳೆಯನ್ನ, ಓದು ಬಂದ ಒಬ್ಬನನ್ನ ನಡುವೆ ಕೂರಿಸಿಕೊಂಡು ಕೇಳಿಸಿಕೊಳ್ಳುವ ಕಾಲ. ಒಂದು ಹಾಳೆಗೆ ಹದಿನೈದು ದಿನದ ಚರ್ಚೆ.

ಇನ್ನೊಂದು ವಿಷಯ ಕೇಳಿ, ಆಯಿಯ ಕೇಸು ಬಿದ್ದ ಮೇಲೆ ನಾನು ಹುಡುಕಿ ಓದಿದ್ದು. 1928ರ ಮಾರ್ಚಿನಲ್ಲಿ ಬಾಬಾಸಾಹೇಬರು ಮುಂಬೈ ಶಾಸನ ಸಭೆಯಲ್ಲಿ ಒಂದು ಮಸೂದೆ ಮಂಡಿಸಿದರು. ಯಾವುದರ ಬಗ್ಗೆ ಗೊತ್ತೇ? ವತನದ ಬಗ್ಗೆ. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯನ್ನ ತಿದ್ದುವ ಮಸೂದೆ. ತುಂಡು ಭೂಮಿ ಕೊಟ್ಟು, ಇಡೀ ಮನೆತನವನ್ನ ಹಗಲು ರಾತ್ರಿ ಚಾಕರಿಗೆ ಕಟ್ಟಿಹಾಕುವ ಆ ಪದ್ಧತಿಯಿಂದ ನಮ್ಮವರನ್ನ ಬಿಡಿಸಬೇಕು ಅಂತ. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದೊಳಗೇ ಇತ್ತು. ಅಂದರೆ ಅವರು ಆ ದಿನ ಎದ್ದು ನಿಂತು ಮಾತಾಡಿದ್ದು ನಮ್ಮ ಆಯಿಯ ಮಾವನ ಹೊಲದಂಥ ಹೊಲಗಳ ಬಗ್ಗೆಯೇ! ಆ ಮಸೂದೆ ಕಾಯ್ದೆ ಆಗಲಿಲ್ಲ. ಆದರೆ ಅವರು ಕಾಯ್ದೆಯನ್ನ ಕಲಂ ಕಲಂ ಓದಿ, ಎಲ್ಲಿ ಬಿಗಿ ಇದೆ, ಎಲ್ಲಿ ಬಿಚ್ಚಬೇಕು ಅಂತ ಗುರುತು ಮಾಡಿಕೊಂಡು ಸಭೆಗೆ ಹೋಗಿದ್ದರು. ನೂರು ವರ್ಷದ ನಂತರ ಅವರ ಹೆಸರಿನ ಫೋಟೊ ಡಿಪಿ ಇಟ್ಟುಕೊಂಡ ನಾನು, ಅದೇ ವತನದ ವಿಷಯದಲ್ಲಿ, ಅಂಗೈಯಲ್ಲಿದ್ದ ಒಂದು ಕಲಂ ಓದಲಿಲ್ಲ.

ಅವರ ಬರಹ-ಭಾಷಣದ ಸಂಪುಟಗಳು ನಮ್ಮೆಲ್ಲರ ಫೋನಿನಲ್ಲಿವೆ. 1979ರಿಂದ ಮಹಾರಾಷ್ಟ್ರ ಸರ್ಕಾರ ಒಂದೊಂದಾಗಿ ತಂದದ್ದು, ನಮ್ಮ ಸರ್ಕಾರ ಕನ್ನಡಕ್ಕೆ ಮಾಡಿಸಿದ್ದು. ಯಾರೋ ಒಮ್ಮೆ ಎಲ್ಲವನ್ನ ಒಟ್ಟಿಗೆ ಕಳಿಸಿದರು, ನಾವು "ಧನ್ಯವಾದ ಸರ್, ಅಮೂಲ್ಯ" ಅಂತ ಬರೆದು ಡೌನ್‌ಲೋಡ್ ಮಾಡಿಕೊಂಡೆವು. ಎದೆ ಮುಟ್ಟಿಕೊಂಡು ಹೇಳ್ರಿ, ಒಂದು ಸಂಪುಟ ಪೂರ್ತಿ ಓದಿದವರು ಎಷ್ಟು ಮಂದಿ? ಸಿಕ್ಕಿತು ಅನ್ನುವುದೇ ಓದಿದಂತೆ ಅನಿಸಿಬಿಟ್ಟಿದೆ. ಪುಸ್ತಕ ಕೈಗೆ ಸಿಗದ ಕಾಲದಲ್ಲಿ ಸಿಕ್ಕ ಪುಸ್ತಕವನ್ನ ಬಿಡದೆ ಓದುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ ಕಾಲದ ಹಿರಿಯರನ್ನ ಕೇಳಿ ನೋಡಿ. 'ಪಂಚಮ' ಪತ್ರಿಕೆಯ ಒಂದು ಪ್ರತಿ ಹತ್ತು ಕೈ ಬದಲಾಗುತ್ತಿತ್ತು ಅಂತಾರೆ. ಅಧ್ಯಯನ ಶಿಬಿರಕ್ಕೆ ಸ್ವಂತ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಕೈಯಲ್ಲಿ ಏನೂ ಇಲ್ಲದವರು ಇಷ್ಟೊಂದು ಕಟ್ಟಿದರು. ಎಲ್ಲ ಇರುವ ನಾವು ಏನು ಕಟ್ಟುತ್ತಿದ್ದೇವೆ?

ಇದನ್ನೆಲ್ಲ ನಾನು ಮೊನ್ನೆ ಕೇರಿಯಲ್ಲಿ ಹೇಳುತ್ತಾ "ಈ ಫೋನೇ ಹಾಳು ಮಾಡಿತು" ಅಂದೆ. ಪಿಯುಸಿ ಸೈನ್ಸ್ ಓದುತ್ತಿರುವ ನಮ್ಮ ಹುಡುಗಿಯೊಬ್ಬಳು ಎದ್ದು ನಿಂತಳು.

"ಕಾಕಾ, ಫೋನಿಗೆ ಯಾಕ ಬೈತೀರಿ? ಟ್ಯೂಷನ್‌ಗೆ ರೊಕ್ಕ ಎಲ್ಲಿತ್ತು ನಮಗ? ಫಿಜಿಕ್ಸ್ ಪೂರಾ ನಾ ಇದರಾಗ ನೋಡೇ ಕಲ್ತೇನಿ. ನಾ ಒಂದು ಪ್ರಶ್ನಿ ಹಿಡಕೊಂಡು ಒಳಗ ಹೋಗತೇನಿ, ಉತ್ತರ ತಗೊಂಡು ಹೊರಗ ಬರತೇನಿ. ನೀವು ಬರಿಗೈಲೆ ಹೋಗತೀರಿ, ಅವರು ಏನು ಕೊಟ್ಟರ ಅದನ್ನ ತಗೊಂಡು ಕೂಡತೀರಿ."

ಹದಿನೇಳು ವರ್ಷದ ಹುಡುಗಿ. ನನ್ನ ಇಪ್ಪತ್ತು ವರ್ಷದ ಚಳವಳಿ ಅನುಭವಕ್ಕೆ ಆಕಿ ಹೇಳಿದ್ದು ಸರಿಯಾಗಿ ತಾಗಿತು. ಪ್ರಶ್ನೆ ನಮ್ಮದಾಗಿದ್ದರೆ ಫೋನು ನಮ್ಮ ಆಳು. ಪ್ರಶ್ನೆಯೂ ಅದರದೇ ಆದರೆ ನಾವು ಅದರ ಆಳು. ಊರ ಚಾಕರಿ ಬಿಟ್ಟು ಬಂದ ಜನ ನಾವು. ಈಗ ಮತ್ತೆ ಯಾರದೋ ಕರೆಗೆ ಹಗಲು ರಾತ್ರಿ ಓಗೊಡುತ್ತಾ, "ಬಂದೆ ಬುದ್ಧಿ" ಅಂತ ಓಡುತ್ತಿದ್ದೇವೆ. ನಮ್ಮ ಹೊತ್ತು, ನಮ್ಮ ಸಿಟ್ಟು ಮಾರಿ ದುಡ್ಡು ಮಾಡುವ ಕಂಪನಿಗೆ ನಮ್ಮ ಜಗಳ ಎಷ್ಟು ಬೆಳೆದರೆ ಅಷ್ಟು ಲಾಭ. ನಾವು ಒಂದು ಪಿಡಿಎಫ್ ತೆಗೆದು ಮೂರು ತಾಸು ಸುಮ್ಮನೆ ಓದಿದರೆ ಅದಕ್ಕೆ ಲಾಭ ಇಲ್ಲ. ಈ ಪೋಸ್ಟನ್ನೂ ನಾನು ಅದೇ ಕಂಪನಿಯ ಜಾಗದಲ್ಲಿ ಬರೆಯುತ್ತಿದ್ದೇನೆ ಅಂತ ಗೊತ್ತಿದೆ. ನೀವೆಲ್ಲ ಇಲ್ಲೇ ಇದ್ದೀರಿ, ಬೇರೆ ಎಲ್ಲಿ ಬರೆಯಲಿ?

ಇನ್ನು ಕೆಲವು ಸಂಗಾತಿಗಳು ಹೇಳುತ್ತಾರೆ: "ಅಣ್ಣಾ, ಶೇರ್ ಮಾಡಿದ್ದಕ್ಕೇ ಎಷ್ಟೋ ಕೇಸು ಬೆಳಕಿಗೆ ಬಂದವು. ಪೇಪರು, ಟಿವಿ ನಮ್ಮ ಸುದ್ದಿ ಹಾಕೋದಿಲ್ಲ. ನಾವೂ ಸುಮ್ಮನಾದರೆ?" ಈ ಮಾತು ಖರೇ. 'ಕೇಸರಿ' ಜಾಹೀರಾತು ಹಾಕದ ಕಾಲದಿಂದ ಇವತ್ತಿನವರೆಗೆ ಅದು ಖರೇ. ಸುದ್ದಿ ಮುಟ್ಟಿಸಬೇಕು. ಪೊಲೀಸರು ಎಫ್‌ಐಆರ್ ಹಾಕದೆ ಕುಂತಾಗ ಒಂದು ವಿಡಿಯೊ ಅವರನ್ನ ಎಬ್ಬಿಸಿದ್ದು ನಾನೂ ಕಂಡಿದ್ದೇನೆ. ಆದರೆ ಎಬ್ಬಿಸಿದ ಮೇಲೆ ಏನು? ಎಫ್‌ಐಆರ್ ಆದ ಮೇಲೆ ಚಾರ್ಜ್‌ಶೀಟು, ಆಮೇಲೆ ಸಾಕ್ಷಿ, ಪರಿಹಾರದ ಕಂತು, ಅಪೀಲು. ಇವಕ್ಕೆ ವಿಡಿಯೊ ಇಲ್ಲ. ಇವಕ್ಕೆ ಬೇಕಾದದ್ದು ಒಬ್ಬ ಮನುಷ್ಯ, ಒಂದು ಫೈಲು, ತಾರೀಖು ಬರೆದಿಟ್ಟ ಒಂದು ಡೈರಿ. ಶೇರ್ ಮಾಡುವವರು ಲಕ್ಷ ಇದ್ದಾರೆ. ಫೈಲು ಹಿಡಿಯುವವರು ಇಲ್ಲ.

ಹಾಗಾಗಿ ನಾವು ಇಲ್ಲಿ ಒಂದು ಸಣ್ಣ ಕೆಲಸ ಶುರು ಮಾಡಿದ್ದೇವೆ. ದೊಡ್ಡದೇನಲ್ಲ. ಭಾನುವಾರ ಸಂಜೆ ಆರರಿಂದ ಎಂಟು ಕೇರಿಯ ಸಮುದಾಯ ಭವನದಲ್ಲಿ ಸೇರುತ್ತೇವೆ. ಬಾಗಿಲ ಹತ್ತಿರ ಒಂದು ಬುಟ್ಟಿ, ಎಲ್ಲರ ಫೋನು ಅದರಲ್ಲಿ. ಒಂದು ಫೋನು ಮಾತ್ರ ಒಳಗೆ, ಅದು ಆ ಪಿಯುಸಿ ಹುಡುಗಿಯ ಕೈಯಲ್ಲಿ, ಹುಡುಕಲಿಕ್ಕೆ. ಮೊದಲ ಒಂದು ತಾಸು ಒಂದು ಕಾಯ್ದೆ ಅಥವಾ ಬಾಬಾಸಾಹೇಬರ ಬರಹದ ಎರಡು ಪುಟ, ಗಟ್ಟಿಯಾಗಿ ಓದೋದು. ಅರ್ಥ ಆಗದ ಕಡೆ ನಿಲ್ಲೋದು. ಇನ್ನೊಂದು ತಾಸು ಕೇರಿಯ ಫೈಲುಗಳು. ಒಬ್ಬರಿಗೆ ಒಂದೇ ಫೈಲು. ನಳದ ಅರ್ಜಿ ಒಬ್ಬರದು, ಸ್ಕಾಲರ್‌ಶಿಪ್ ಒಬ್ಬರದು, ಸ್ಮಶಾನದ ಜಾಗ ಒಬ್ಬರದು, ಉದ್ಯೋಗ ಖಾತ್ರಿ ಕೂಲಿ ಒಬ್ಬರದು. ವಾರಕ್ಕೆರಡು ಸಲ ಒಬ್ಬರು ಚಾವಡಿ ಮತ್ತು ಪಂಚಾಯಿತಿ ಗೋಡೆ ನೋಡಿ ಬರಬೇಕು, ಅಂಟಿಸಿದ್ದನ್ನ ಓದಿ ಬಂದು ಹೇಳಬೇಕು. ಮೊದಲ ವಾರ ಇಪ್ಪತ್ತೆರಡು ಮಂದಿ ಬಂದಿದ್ದರು, ಎರಡನೇ ವಾರ ಒಂಬತ್ತು. ಬುಟ್ಟಿಯಲ್ಲಿ ಫೋನು ಗುಂಯ್ ಅಂದಾಗಲೆಲ್ಲ ನಮ್ಮ ಕಣ್ಣು ಆ ಕಡೆ ಹೋಗುತ್ತದೆ, ನನ್ನದೂ. ಈಗ ಹದಿನಾಲ್ಕಕ್ಕೆ ನಿಂತಿದೆ. ಹದಿನಾಲ್ಕು ಸಾಕು.

ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇವೆ: ಇದನ್ನ ನಾನು ಪೂರ್ತಿ ಓದಿದೆನಾ? ಮೂಲ ಕಾಗದ ನೋಡಿದೆನಾ? ಇದನ್ನ ನಂಬಿ ಒಬ್ಬ ಆಯಿ ಕಿವಿಯ ಬಂಗಾರ ಅಡವಿಟ್ಟರೆ ಅದಕ್ಕೆ ನಾನು ಜವಾಬ್ದಾರನಾ? ಮೂರನೆಯದಕ್ಕೆ "ಹೌದು" ಅನ್ನುವ ಧೈರ್ಯ ಇದ್ದರೆ ಮಾತ್ರ ಕಳಿಸುವುದು. ಈ ಲೆಕ್ಕಕ್ಕೆ ನನ್ನ ಫಾರ್ವರ್ಡುಗಳು ದಿನಕ್ಕೆ ಐವತ್ತರಿಂದ ಎರಡಕ್ಕೆ ಇಳಿದಿವೆ.

ಆಯಿಯ ಬಂಗಾರ ನಾವು ಹದಿನಾಲ್ಕು ಮಂದಿ ಪಟ್ಟಿ ಹಾಕಿ ಬಿಡಿಸಿಕೊಟ್ಟೆವು. ಅದನ್ನ ದಾನ ಅಂತ ಯಾರೂ ಹೊಗಳಬ್ಯಾಡ್ರಿ, ಅದು ದಂಡ, ನಾನು ಕಟ್ಟಬೇಕಾದ ದಂಡ. ಕ್ಷಮಿಸು ಅಂತ ಕೇಳಿದಾಗ ಆಕಿ ಏನಂದಳು ಗೊತ್ತೇನು? "ತಮ್ಮಾ, ನಮ್ಮ ಕಾಲದಾಗ ಕಾಗದ ಓದಾಕ ಯಾರೂ ಇರಲಿಲ್ಲ, ಅದಕ್ಕ ಹೊಲ ಹೋತು. ಈಗ ನೀವೆಲ್ಲಾ ಓದಾವ್ರು ಅದೀರಿ. ಹಂಗಿದ್ರೂ ಯಾಕ ಹೋತಪಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದ್ದರೆ ಕಮೆಂಟಿನಲ್ಲಿ ಬರೆಯಬೇಡಿ. ನಿಮ್ಮ ಕೇರಿಯಲ್ಲಿ ಇಂಥದ್ದೇ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಕುಂತ ಒಬ್ಬ ಆಯಿ ಇರುತ್ತಾಳೆ. ಇವತ್ತು ಸಂಜೆ ಹೋಗಿ ಆ ಚೀಲ ಬಿಚ್ಚಿಸಿ, ಒಂದೊಂದೇ ಕಾಗದ ಓದಿ. ತಿಳಿಯದಿದ್ದರೆ ತಿಳಿದವರ ಹತ್ತಿರ ಒಯ್ಯಿರಿ.

ಶಿಕ್ಷಣ, ಸಂಘಟನೆ, ಹೋರಾಟ ಅಂತ ಮೂರು ಮಾತು ನಮ್ಮ ಬ್ಯಾನರಿನ ಮೇಲಿವೆ. ಅದರಲ್ಲಿ ಶೇರ್ ಅನ್ನುವ ಮಾತಿಲ್ಲ.

20 ಗುಂಟೆಯ ಮೇಲ್ಮನವಿ ವಿಚಾರಣೆ ಮುಂದಿನ ವಾರ ಇದೆ. ಈ ಸಲ ಕಾಗದ ಓದಿಕೊಂಡೇ ಹೋಗುತ್ತೇವೆ. ಸುತ್ತಲಿನ ಸಂಗಾತಿಗಳು ಯಾರಾದರೂ ಬರೋದಿದ್ದರೆ ನನಗೆ ಫೋನು ಮಾಡಿ. ಬಸ್ ಸ್ಟ್ಯಾಂಡಿನಲ್ಲಿ ಮುಂಜಾನೆ ಎಂಟಕ್ಕೆ ಆಯಿ ಇರುತ್ತಾಳೆ, ನಾನೂ ಇರುತ್ತೇನೆ.

ಜೈಭೀಮ್.